ಪ್ರತಿಮೆ ಸರಿ, ಟಿಎಂಸಿ ಲೆಕ್ಕ?
ಸಂಸ್ಕೃತಿಯ ನಂಟು ಗಟ್ಟಿಯಾದರೆ ಕರ್ನಾಟಕ–ತಮಿಳುನಾಡಿನ ಕಾವೇರಿ ನೀರಿನ ಜಗಳ ತಾನಾಗಿ ತಣ್ಣಗಾಗುತ್ತೆ ಅಂತ ನಾನು ಓದಿದ ಒಂದು ಲೇಖನ ಹೇಳುತ್ತೆ. ಅರ್ಧ ಸರಿ. 2009ರ ಆಗಸ್ಟ್‌ನಲ್ಲಿ ಬೆಂಗಳೂರಿನ ಹಲಸೂರಲ್ಲಿ ತಮಿಳು ಕವಿ ತಿರುವಳ್ಳುವರ್, ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞ ಪ್ರತಿಮೆ ಅನಾವರಣವಾದವು. 2016ರ ಸೆಪ್ಟೆಂಬರ್‌ನಲ್ಲಿ ಇದೇ ಬೆಂಗಳೂರಲ್ಲಿ ತಮಿಳುನಾಡು ನೋಂದಣಿಯ ಬಸ್ಸುಗಳಿಗೆ ಬೆಂಕಿ ಬಿತ್ತು!

ತಿಂಗಳು ನೋಡಿ. ತಮಿಳುನಾಡಿಗೆ ಹೋಗೋ ನೀರನ್ನ ಅಳೆಯೋ ಗಡಿಯ ಬಿಳಿಗುಂಡ್ಲುವಿನಲ್ಲಿ ಮಾಮೂಲಿ ವರ್ಷ ಹರಿಯಬೇಕಾದ 177.25 ಟಿಎಂಸಿಯಲ್ಲಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಆಗಸ್ಟ್ ಪಾಲು 45.95, ಸೆಪ್ಟೆಂಬರ್‌ದು 36.76. ಜೂನ್–ಜುಲೈನಲ್ಲಿ ಕೊಡಗು, ವಯನಾಡಿನ ಮಳೆ ಕೈಕೊಟ್ಟರೆ ಹಳೇ ಬಾಕಿಯೂ ಈ ಎರಡು ತಿಂಗಳ ತಲೆ ಮೇಲೇ ಬಂದು ಕೂರುತ್ತೆ. 2023ರ ಬಂದ್‌ಗಳೂ ಸೆಪ್ಟೆಂಬರ್ ಕೊನೆಯಲ್ಲೇ. ಕೊರತೆ ವರ್ಷ ಹೇಗೆ ಹಂಚಬೇಕು ಅನ್ನೋ ಸೂತ್ರಕ್ಕೆ ಮಾತ್ರ ಒಮ್ಮತ ಇಲ್ಲ.

ಇನ್ನು ಜನಸಂಖ್ಯೆ, ಅದಕ್ಕೆ ಬೇಕಾದ ಕುಡಿಯೋ ನೀರು. ಬೆಂಗಳೂರಿನ ಮೂರನೇ ಒಂದು ಭಾಗವಷ್ಟೇ ಕಾವೇರಿ ಕೊಳ್ಳದಲ್ಲಿದೆ, ಕುಡಿಯೋ ನೀರಿನ ಅರ್ಧ ಅಂತರ್ಜಲದಿಂದ ಸಿಗುತ್ತೆ ಅಂತ 2007ರಲ್ಲಿ ಕಾವೇರಿ ನ್ಯಾಯಮಂಡಳಿ ಎಣಿಸಿತ್ತು (ಬತ್ತಿದ ಬೋರ್‌ವೆಲ್‌ಗಳನ್ನ ಕೇಳಬೇಕಿತ್ತು). 2018ರಲ್ಲಿ ಸುಪ್ರೀಂ ಕೋರ್ಟ್ ಇಡೀ ನಗರವನ್ನ ಪರಿಗಣಿಸಿ 4.75 ಟಿಎಂಸಿ ಹೆಚ್ಚಿಗೆ ಕೊಟ್ಟಿತು.

ನನ್ನ ಪ್ರಕಾರ ಪ್ರತಿಮೆಗಿಂತ ಕೆಲಸಕ್ಕೆ ಬರೋದು 2003ರಲ್ಲಿ ಎರಡೂ ಕಡೆಯ ರೈತರು ಸೇರಿ ಕಟ್ಟಿದ ‘ಕಾವೇರಿ ಕುಟುಂಬ’ದಂಥದ್ದು. ಅಂಥ ಮಾತುಕತೆ ಮೇ ತಿಂಗಳಲ್ಲೇ, ನಮ್ಮ ಕೆಆರ್‌ಎಸ್, ತಮಿಳುನಾಡಿನ ಮೆಟ್ಟೂರು ಎರಡೂ ಜಲಾಶಯಗಳ ನೀರಿನ ಮಟ್ಟವನ್ನು ಮುಂದಿಟ್ಟುಕೊಂಡು ಆಗಬೇಕು.