‘ನೋವಾದರೂ ಪರವಾಗಿಲ್ಲ, ಕತ್ತು ತಿರುಗಿಸಿ’ ಅನ್ನುವವರಿಗೆ

ಇವತ್ತು ಬೆಳಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನೋಡಿದ್ದನ್ನು ಬರೆಯದೆ ಇರೋಕೆ ಆಗುತ್ತಿಲ್ಲ. ಸ್ಕೂಲಿಗೆ ಹೋಗಿ, ಆರು ಪೀರಿಯಡ್ ಪಾಠ ಮಾಡಿ ಬಂದರೂ ಸಿಟ್ಟು ಇಳಿದಿಲ್ಲ.

ವಾಕಿಂಗ್ ಮುಗಿಸಿದ ಏಳೆಂಟು ಜನ ಒಂದು ಕಡೆ ನಿಂತು ವ್ಯಾಯಾಮ ಮಾಡುತ್ತಿದ್ದರು. ಒಬ್ಬರು ಹಿರಿಯರು ಮುಂದೆ ನಿಂತು ಹೇಳಿಕೊಡುತ್ತಿದ್ದರು. ಒಳ್ಳೆಯ ಮನುಷ್ಯರೇ, ಯಾರ ಹತ್ತಿರವೂ ಕಾಸು ಕೇಳುವವರಲ್ಲ. ಕತ್ತನ್ನು ಪೂರ್ತಿ ಸುತ್ತಿಸುವ ವ್ಯಾಯಾಮ ನಡೆಯುತ್ತಿತ್ತು. ಮುಂದಕ್ಕೆ, ಪಕ್ಕಕ್ಕೆ, ಹಿಂದಕ್ಕೆ, ಮತ್ತೆ ಪಕ್ಕಕ್ಕೆ. ಕೊನೆಯಲ್ಲಿ ನಿಂತಿದ್ದ ಒಬ್ಬ ಹೆಂಗಸು, ಐವತ್ತೈದು ವಯಸ್ಸಿರಬಹುದು, ಸೀರೆ ಮೇಲೆ ಸ್ವೆಟರ್ ಹಾಕಿಕೊಂಡಿದ್ದರು, ಕತ್ತು ಹಿಂದಕ್ಕೆ ಹೋದಾಗಲೆಲ್ಲ ಬಲಗೈ ರಟ್ಟೆ ಹಿಡಿದುಕೊಂಡು ಮುಖ ಕಿವುಚುತ್ತಿದ್ದರು. "ಸರ್, ಬೆರಳ ತುದಿವರೆಗೂ ಚುಳುಕ್ ಅನ್ನುತ್ತೆ" ಅಂದರು. ಅದಕ್ಕೆ ಅವರು, "ಅನ್ನಲಿ ಬಿಡಿ ಅಮ್ಮ, ನೋವಾದ್ರೇನೇ ಹಿಡಿದಿರೋದು ಬಿಡೋದು. ಇನ್ನೂ ಚೆನ್ನಾಗಿ ತಿರುಗಿಸಿ" ಅಂದರು.

ಆ ಅಮ್ಮ ತಿರುಗಿಸಿದರು. ಕಣ್ಣಲ್ಲಿ ನೀರು ಬಂದಿತ್ತು.

ಹೋದ ವರ್ಷ ನನಗೂ ಹೀಗೇ ಕತ್ತಿನಿಂದ ಬಲಗೈಗೆ ನೋವು ಇಳಿದಿತ್ತು. ವ್ಯಾಲ್ಯುಯೇಷನ್ ಮುಗಿಸಿ ಬಂದ ವಾರವೇ ಶುರುವಾಗಿದ್ದು. ದಿನವಿಡೀ ತಲೆ ಬಗ್ಗಿಸಿ ಪೇಪರ್ ತಿದ್ದಿದ್ದೆ. ಮೊದಲು ಕತ್ತಿನ ಬುಡದಲ್ಲಿ, ಆಮೇಲೆ ಭುಜದ ಹಿಂದೆ, ಆಮೇಲೆ ರಟ್ಟೆಯ ಹಿಂಭಾಗದಲ್ಲಿ ಸುಡುವಂಥ ಸೆಳೆತ. ವಿಚಿತ್ರ ಅಂದರೆ ಬೋರ್ಡಿನ ಮೇಲೆ ಬರೆಯುವಾಗ ನೋವು ಕಡಿಮೆ. ಕೂತು ಪೇಪರ್ ತಿದ್ದುವಾಗ ಜಾಸ್ತಿ. ಸ್ಟಾಫ್ ರೂಮಿನಲ್ಲಿ ಒಬ್ಬರು "ತಿದ್ದೋ ಕೆಲಸಕ್ಕೆ ಮಾತ್ರ ನೋವಾ ಮೇಡಂ" ಅಂತ ಕೇಳಿದ್ದರು. ಅವತ್ತು ಮನೆಗೆ ಬಂದು ಅತ್ತಿದ್ದೆ. ಯಾಕೆ ಹಾಗೆ ಅಂತ ನನಗೇ ಗೊತ್ತಿರಲಿಲ್ಲ, ಅವರಿಗೆ ಏನು ಹೇಳಲಿ?

ಮೊದಲು ಹೋದ ಜಾಗದ ಹೆಸರು ಬೇಡ. ಹತ್ತು ದಿನ ಮಲಗಿಸಿ ನೋವಿರುವ ಕಡೆ ಮಿಷನ್ನಿಂದ ಕರೆಂಟ್ ಕೊಟ್ಟರು, ಕತ್ತು ಎಳೆದು ಹಿಡಿಯುವ ಟ್ರ್ಯಾಕ್ಷನ್ ಹಾಕಿದರು. ಮಲಗಿದ್ದಾಗ ಹಾಯ್ ಅನ್ನಿಸುತ್ತಿತ್ತು, ಮನೆಗೆ ಬರುವಷ್ಟರಲ್ಲಿ ಮತ್ತೆ ಅದೇ. ಹತ್ತನೇ ದಿನ ಕೈಗೆ ಒಂದು ಜೆರಾಕ್ಸ್ ಹಾಳೆ ಬಂತು. ಅದರಲ್ಲಿ ಹನ್ನೆರಡು ಚಿತ್ರ. "ದಿನಾ ಮಾಡಿ" ಅಷ್ಟೇ ಮಾತು. ನಾನು ಮಾಡುವುದನ್ನು ಒಬ್ಬರೂ ಒಂದು ಸಲವೂ ನೋಡಲಿಲ್ಲ. ಇವತ್ತು ಕೆರೆ ಏರಿ ಮೇಲೆ ಮಾಡಿಸಿದ ಕತ್ತು ಸುತ್ತಿಸುವ ವ್ಯಾಯಾಮ ಆ ಹಾಳೆಯ ಐದನೇ ಚಿತ್ರ. ಶ್ರದ್ಧೆಯಿಂದ ಮಾಡಿದೆ. ನೋವು ಬಂದರೂ ಹಲ್ಲು ಕಚ್ಚಿ ಮಾಡಿದೆ, ಗುಣ ಆಗುತ್ತಿದೆ ಅಂದುಕೊಂಡೆ. ಎರಡು ವಾರದಲ್ಲಿ ಮೊಣಕೈವರೆಗೆ ಇದ್ದ ನೋವು ನಡುಬೆರಳಿಗೆ ಬಂತು. ಬೆರಳು ಜೋಮು ಹಿಡಿಯಿತು. ಒಂದು ದಿನ ಮನೆ ಗೇಟನ್ನು ಬಲಗೈಯಲ್ಲಿ ತಳ್ಳೋಕೆ ಆಗಲಿಲ್ಲ.

ಆಗ ಹೆದರಿ ನರದ ಡಾಕ್ಟರ ಹತ್ತಿರ ಓಡಿದ್ದು. ಮೊಣಕೈ ಹಿಂದೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿದರು. ಎಡಗೈ ಎಗರಿತು, ಬಲಗೈ ಸುಮ್ಮನಿತ್ತು. ಕತ್ತಿನಲ್ಲಿ ಮೂಳೆ 7, ಅಲ್ಲಿಂದ ಹೊರಡುವ ನರದ ಜೋಡಿ 8. ನನಗೆ ಆರನೇ ಮತ್ತು ಏಳನೇ ಮೂಳೆ ನಡುವಿನ ಮೆತ್ತೆಯಂಥ ಡಿಸ್ಕ್ ಉಬ್ಬಿ ಏಳನೇ ನರವನ್ನು ಒತ್ತುತ್ತಿತ್ತು. ಆ ನರ ರಟ್ಟೆಯ ಹಿಂದಿನ ಸ್ನಾಯುವಿಗೂ ನಡುಬೆರಳಿಗೂ ಹೋಗುತ್ತದೆ. ಹೆಬ್ಬೆರಳ ಕಡೆ ಜೋಮು ಇದ್ದರೆ ಸಾಮಾನ್ಯವಾಗಿ ಆರನೆಯದು, ಕಿರುಬೆರಳ ಕಡೆ ಆದರೆ ಎಂಟನೆಯದು. ಕಾಯಿಲೆ ಕತ್ತಿನಲ್ಲಿ, ಕೂಗು ಬೆರಳಲ್ಲಿ. ನಾನು ತಿಂಗಳುಗಟ್ಟಲೆ ಮುಲಾಮು ಹಚ್ಚಿದ್ದು ಕೈಗೆ!

ಈಗ ನನ್ನ ಸಿಟ್ಟಿನ ಕಾರಣ ಕೇಳಿ. ನರ ಹೊರಗೆ ಬರೋಕೆ ಮೂಳೆಗಳ ನಡುವೆ ಒಂದು ಸಣ್ಣ ಕಿಂಡಿ ಇರುತ್ತದೆ. ಕತ್ತನ್ನು ಹಿಂದಕ್ಕೆ ಬಗ್ಗಿಸಿ ನೋವಿರುವ ಕಡೆಗೆ ವಾಲಿಸಿದರೆ ಆ ಕಿಂಡಿ ಇನ್ನೂ ಕಿರಿದಾಗುತ್ತದೆ. ಡಾಕ್ಟರು ನನ್ನ ತಲೆಯನ್ನು ಹಾಗೇ ವಾಲಿಸಿ ಮೇಲಿನಿಂದ ಮೆಲ್ಲಗೆ ಒತ್ತಿದರು, ಬೆರಳವರೆಗೂ ಮಿಂಚು ಹೊಡೆದ ಹಾಗಾಯಿತು. ಸ್ಪರ್ಲಿಂಗ್ ಅನ್ನುವ ಅಮೆರಿಕದ ಸರ್ಜನ್ 1944ರಲ್ಲಿ ಬರೆದಿಟ್ಟ ಪರೀಕ್ಷೆ ಅದು. ನೋವು ಬರುತ್ತದಾ ಅಂತ ನೋಡೋಕೇ ಮಾಡುವ ಪರೀಕ್ಷೆ. ಡಾಕ್ಟರು ಒಂದು ಸಲ ಮಾಡಿ ತಕ್ಷಣ ಬಿಟ್ಟುಬಿಡುವುದನ್ನು ನಾವು ವ್ಯಾಯಾಮ ಅಂತ ದಿನಾ ಬೆಳಗ್ಗೆ ಇಪ್ಪತ್ತು ಸಲ ಮಾಡಿಸುತ್ತಿದ್ದೇವೆ. ಅದರ ಮೇಲೆ "ನೋವಾದರೂ ಪರವಾಗಿಲ್ಲ" ಅನ್ನುತ್ತೇವೆ.

ಪರವಾಗಿದೆ. ತುಂಬಾ ಪರವಾಗಿದೆ.

ನನಗೆ ವ್ಯಾಯಾಮ ಅಂದರೆ ಏನು ಅಂತ ತೋರಿಸಿಕೊಟ್ಟಿದ್ದು ಕುವೆಂಪುನಗರದ ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿ. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು. ಮೊದಲ ದಿನ ಅವಳು ಮಿಷನ್ ಹತ್ತಿರ ಕರೆದುಕೊಂಡು ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, "ಮೇಡಂ, ಪ್ರತಿ ಸಲ ಮಾಡಿದ ಮೇಲೆ ನೋವು ಎಲ್ಲಿದೆ ಅಂತ ಹೇಳಿ, ಎಷ್ಟಿದೆ ಅಂತಲ್ಲ" ಅಂದಳು. ಬೆರಳಿನ ನೋವು ಮೊಣಕೈಗೆ, ಮೊಣಕೈಯದು ಭುಜಕ್ಕೆ ಹಿಂದೆ ಸರಿಯುತ್ತಿದ್ದರೆ ದಾರಿ ಸರಿ ಇದೆ ಅಂತ. ಆಗ ಕತ್ತಿನಲ್ಲೇ ನೋವು ಸ್ವಲ್ಪ ಜಾಸ್ತಿ ಅನ್ನಿಸಿದರೂ ಹೆದರಬೇಕಿಲ್ಲ. ಅದೇ ನೋವು ಕೆಳಗಿಳಿದು ಬೆರಳ ಕಡೆ ಹೋದರೆ ಆ ವ್ಯಾಯಾಮ ಅಲ್ಲಿಗೇ ನಿಲ್ಲಿಸಬೇಕು. ನ್ಯೂಜಿಲೆಂಡಿನ ಮೆಕೆಂಜಿ ಅನ್ನುವ ಫಿಸಿಯೋ 1956ರಲ್ಲಿ ಇದನ್ನು ಕಂಡುಕೊಂಡ ಕಥೆಯನ್ನೂ ಅವಳೇ ಹೇಳಿದಳು. ಸೊಂಟದಿಂದ ಕಾಲಿಗೆ ನೋವಿಳಿದಿದ್ದ ರೋಗಿಯೊಬ್ಬ, ತಲೆ ಕಡೆ ಎತ್ತರಿಸಿದ್ದ ಮಂಚದ ಮೇಲೆ ತಪ್ಪಾಗಿ ಬೋರಲು ಮಲಗಿಬಿಟ್ಟನಂತೆ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಕಾಲಿನ ನೋವು ಹೋಗಿತ್ತಂತೆ. ರೋಗಿಯ ಮಾತನ್ನು ಕಿವಿಗೊಟ್ಟು ಕೇಳಿದ್ದಕ್ಕೆ ಅದು ಗೊತ್ತಾಯಿತು, ಅಲ್ವಾ? "ಅನ್ನಲಿ ಬಿಡಿ ಅಮ್ಮ" ಅಂದಿದ್ದರೆ ಗೊತ್ತಾಗುತ್ತಿತ್ತಾ?

ಮೊದಲ ವಾರ ನನಗೆ ಕೊಟ್ಟಿದ್ದು ಎರಡೇ. ಅಂಗಾತ ಮಲಗಿ, ಕತ್ತಿನ ಕೆಳಗೆ ಟವೆಲ್ ಸುರುಳಿ ಇಟ್ಟು, ಗದ್ದವನ್ನು ಯಾರೋ ಬೆರಳಿಟ್ಟು ತಳ್ಳಿದ ಹಾಗೆ ನೇರ ಹಿಂದಕ್ಕೆ ಎಳೆದುಕೊಳ್ಳುವುದು. ತಲೆ ಬಗ್ಗಿಸಬಾರದು, ಎತ್ತಬಾರದು. ಐದು ಎಣಿಸಿ ಬಿಡುವುದು. ನಾನು ಗದ್ದ ಎದೆಗೆ ತಾಗಿಸುತ್ತಿದ್ದೆ. ಅವಳು ಮೂರು ದಿನ ತಿದ್ದಿದಳು. ಹಾಳೆಯ ಮೇಲಿನ ಚಿತ್ರ ಇದನ್ನು ತಿದ್ದುತ್ತದಾ? ಎರಡನೆಯದು ಬೆನ್ನಿನ ಎರಡೂ ರೆಕ್ಕೆ ಮೂಳೆಗಳನ್ನು ಹಿಂದೆ ಹತ್ತಿರ ತರುವುದು, ಭುಜ ಕಿವಿ ಕಡೆ ಏರದ ಹಾಗೆ.

ನರಕ್ಕೆ ಅಂತಲೇ ಇರುವ ವ್ಯಾಯಾಮ ಆಮೇಲೆ ಬಂತು. ನನಗೆ ಅದು ಅರ್ಥವಾಗಿದ್ದು ಲಂಗದ ಲಾಡಿಯಿಂದ. ನರ ಕತ್ತಿನಿಂದ ಬೆರಳವರೆಗೆ ಲಾಡಿಯ ಹಾಗೆ ಜಾರುತ್ತಾ ಇರಬೇಕು. ಲಾಡಿ ಒಳಗೆ ಸಿಕ್ಕಿಕೊಂಡರೆ ಎರಡೂ ತುದಿ ಹಿಡಿದು ಜಗ್ಗಿದರೆ ಇನ್ನೂ ಬಿಗಿಯುತ್ತದೆ, ಕಿತ್ತೂ ಹೋಗಬಹುದು. ಒಂದು ತುದಿ ಎಳೆಯುವಾಗ ಇನ್ನೊಂದು ತುದಿ ಬಿಟ್ಟುಕೊಡಬೇಕು. ಹಾಗೇ ಕೈ ಚಾಚಿ ಮಣಿಕಟ್ಟು ಹಿಂದಕ್ಕೆ ಮಡಿಸುವಾಗ ಕತ್ತನ್ನು ಆ ಕೈ ಕಡೆಗೇ ವಾಲಿಸಬೇಕು, ಮಣಿಕಟ್ಟು ಬಿಡುವಾಗ ಕತ್ತು ಆಚೆ ಕಡೆಗೆ. ಅದೂ ನನಗೆ ಆರಂಭದಲ್ಲಿ ಕತ್ತು ಅಲ್ಲಾಡಿಸದೆ ಬರೀ ಕೈಯಲ್ಲಿ ಮಾಡಿಸಿದಳು, ನೋವು ಕೆರಳಿದ್ದಾಗ ವಾಲಿಸಿದರೂ ಕಷ್ಟ ಅಂತ. ಮೆಲ್ಲಗೆ, ಹತ್ತು ಸಲ, ಜೋಮು ಶುರುವಾಗುವ ಮೊದಲೇ ನಿಲ್ಲಿಸಿ. ಇದನ್ನು ಓದಿ ನೀವೇ ಶುರು ಮಾಡಬೇಡಿ, ದಯವಿಟ್ಟು. ನಿಮ್ಮ ನರ ಯಾವುದು ಅಂತ ನೋಡಿದವರು ಹೇಳಿಕೊಡಲಿ.

ಒಂದು ವಿಷಯ ಬರೆಯಲೋ ಬೇಡವೋ ಅಂತ ಯೋಚಿಸುತ್ತಿದ್ದೆ. ಬರೆದುಬಿಡುತ್ತೇನೆ. ಆ ಹುಡುಗಿ ಮೊದಲ ದಿನ, ನೋವು ತಡೆಯೋಕೆ ಆಗದಿದ್ದಾಗ ಬಲ ಅಂಗೈಯನ್ನು ನೆತ್ತಿಯ ಮೇಲೆ ಇಟ್ಟುಕೊಳ್ಳಿ ಅಂದಳು. ಇಟ್ಟೆ. ಅರ್ಧ ನಿಮಿಷದಲ್ಲಿ ಸೆಳೆತ ಇಳಿಯಿತು. ಕೈ ಮೇಲೆ ಹೋದರೆ ನರದ ಬಿಗಿತ ಸಡಿಲ ಆಗುತ್ತದಂತೆ, ಕತ್ತಿನ ನರ ಒತ್ತಿದೆ ಅನ್ನೋಕೆ ಅದೂ ಒಂದು ಗುರುತಂತೆ. ಬೋರ್ಡಿನ ಮೇಲೆ ಬರೆಯುವಾಗ ನೋವು ಯಾಕೆ ಕಡಿಮೆ ಇತ್ತು ಅಂತ ಅವತ್ತು ಗೊತ್ತಾಯಿತು. ಮತ್ತೆ ಇನ್ನೊಂದೂ ಗೊತ್ತಾಯಿತು. ನಮ್ಮವ್ವ ಪಾಂಡವಪುರದ ಕಡೆ ಹಳ್ಳಿಯಲ್ಲಿ ಮೂವತ್ತು ವರ್ಷ ತಲೆ ಮೇಲೆ ಸಿಂಬಿ ಇಟ್ಟು ಹುಲ್ಲಿನ ಹೊರೆ, ಕಬ್ಬಿನ ಸೋಗೆ ಹೊತ್ತವಳು. ಕೊನೆಯ ವರ್ಷಗಳಲ್ಲಿ ಕೈ ಉರಿ ಅಂತ ಜಗಲಿ ಮೇಲೆ ತಲೆ ಮೇಲೆ ಕೈ ಇಟ್ಟುಕೊಂಡು ಕೂರುತ್ತಿದ್ದಳು. ನಾವೆಲ್ಲ ಗದರುತ್ತಿದ್ದೆವು. "ತಲೆ ಮೇಲೆ ಕೈ ಹೊತ್ತುಕೊಂಡು ಕೂರಬೇಡ ಕಣವ್ವ, ಮನೆಗೆ ಒಳ್ಳೇದಲ್ಲ." ಎಷ್ಟೋ ಸಲ ನಾನೇ ಕೈ ಹಿಡಿದು ಇಳಿಸಿದ್ದೇನೆ. ಅವಳು ಒಂದು ಮಾತೂ ಆಡದೆ ಇಳಿಸುತ್ತಿದ್ದಳು. ಅವಳ ಒಳಗೆ ಏನಾಗಿತ್ತೋ ಈಗ ಹೇಳೋಕೆ ಆಗಲ್ಲ, ಯಾರೂ ಪರೀಕ್ಷೆ ಮಾಡಿಸಲಿಲ್ಲ. ಆದರೆ ಅವಳ ಮೈ ಕಂಡುಕೊಂಡ ಒಂದೇ ಒಂದು ನೆಮ್ಮದಿಯನ್ನು ನಾನು ಕಿತ್ತುಕೊಂಡಿದ್ದೆ.

ಕೆಲವರು ಈಗ ಹೇಳುತ್ತೀರಿ, ಗೊತ್ತು. ನಮ್ಮ ಮಾವನಿಗೆ ಕತ್ತು ಸುತ್ತಿಸಿಯೇ ಗುಣ ಆಯಿತು ಅಂತ. ಆಗಿರಬಹುದು. ಈ ನರದ ನೋವು ಹೆಚ್ಚಿನವರಲ್ಲಿ ಕೆಲವು ವಾರ, ಕೆಲವು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಆಪರೇಷನ್ ಬೇಕಾಗುವವರು ಕಡಿಮೆ. ಆ ಸಮಯದಲ್ಲಿ ಏನು ಮಾಡುತ್ತಿದ್ದರೋ ಅದಕ್ಕೆ ಹೆಸರು ಬರುತ್ತದೆ, ಅಷ್ಟೇ. ಕಟಿಂಗ್ ಶಾಪಿನಲ್ಲಿ ಕತ್ತಿನ ನೆಟಿಗೆ ತೆಗೆಸಿಕೊಂಡವರಿಗೂ ಹೀಗೇ ನಂಬಿಕೆ ಹುಟ್ಟುವುದು. ಫಿಸಿಯೋಗೆ ದುಡ್ಡೆಲ್ಲಿ ಅನ್ನುವ ಮಾತಿಗೆ ಬೆಲೆ ಇದೆ, ನಾನು ಕಂತಿನಲ್ಲಿ ಬದುಕುವ ಮೇಷ್ಟ್ರು. ಆದರೆ ಹತ್ತು ದಿನದ ಕರೆಂಟಿಗೆ ಕೊಡುವ ದುಡ್ಡಲ್ಲಿ ಒಂದೆರಡು ದಿನ ಸರಿಯಾಗಿ ಕಲಿಯಬಹುದು, ಉಳಿದದ್ದು ಮನೆಯಲ್ಲಿ ಮಾಡುವುದೇ. ನಾನು ಕಲಿತದ್ದಕ್ಕೆ ಬೇಕಾಗಿದ್ದು ಒಂದು ಟವೆಲ್.

ಕೈಯಿಂದ ವಸ್ತು ಜಾರುತ್ತಿದ್ದರೆ, ಗುಂಡಿ ಹಾಕೋಕೆ ತಡಕಾಡುವ ಹಾಗಾದರೆ, ನಡೆಯುವಾಗ ಕಾಲು ತಡವರಿಸಿದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ವ್ಯಾಯಾಮದ ಮಾತೇ ಬೇಡ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಎಡಗೈ ನೋವಿನ ಜೊತೆ ಎದೆ ಬಿಗಿತ, ಬೆವರು ಇದ್ದರೆ ಕತ್ತು ಅಂತ ಕೂರಬೇಡಿ, ಮೊದಲು ಹೃದಯ ತೋರಿಸಿ.

ಇವತ್ತು ಆ ಗುಂಪು ಚದುರಿದ ಮೇಲೆ ಆ ಅಮ್ಮ ಕಲ್ಲುಬೆಂಚಿನ ಮೇಲೆ ರಟ್ಟೆ ನೀವಿಕೊಳ್ಳುತ್ತಾ ಕೂತಿದ್ದರು. ಪಕ್ಕದಲ್ಲಿ ಹೋಗಿ ಕೂತೆ. ನನ್ನ ಕಥೆ ಸ್ವಲ್ಪ ಹೇಳಿದೆ, ಡಾಕ್ಟರ ಹತ್ತಿರ ಹೋಗುವವರೆಗೆ ಕತ್ತು ಸುತ್ತಿಸಬೇಡಿ ಅಂದೆ. ಕೈಯನ್ನು ತಲೆ ಮೇಲೆ ಇಟ್ಟು ನೋಡಿ ಅಂದೆ. ಅನುಮಾನಿಸುತ್ತಾ ಇಟ್ಟರು. ಸ್ವಲ್ಪ ಹೊತ್ತಿಗೆ ಮುಖ ಸಡಿಲವಾಯಿತು. ಅಷ್ಟರಲ್ಲಿ ಯಾರೋ ಪರಿಚಯದವರು ಏರಿ ಮೇಲೆ ಬರುವುದು ಕಾಣಿಸಿತು, ಆ ಅಮ್ಮ ಗಾಬರಿಯಿಂದ ಕೈ ಇಳಿಸಿ, "ಅಯ್ಯೋ, ಹೀಗೆ ಕೂರಬಾರದು ಅಲ್ವಾ ಮೇಡಂ" ಅಂದರು.

"ಕೂತ್ಕೊಳ್ಳಿ ಅಮ್ಮ" ಅಂದೆ. ನಾನೂ ನನ್ನ ಕೈ ಎತ್ತಿ ತಲೆ ಮೇಲೆ ಇಟ್ಟುಕೊಂಡೆ. ಇಬ್ಬರೂ ಹಾಗೇ ಕೂತಿದ್ದೆವು, ಸ್ಕೂಲಿಗೆ ಹೊತ್ತಾಗುವವರೆಗೆ.