ಹಪ್ಪಳವಾದ ರಟ್ಟು

ಕೈಯಲ್ಲೇ ಹೊಲಿದ ನೋಟ್‌ಬುಕ್ಕನ್ನು ಉಡುಗೊರೆ ಕೊಡಬೇಕು ಅನ್ನುವ ಯೋಚನೆ ಹೊಳೆಯುವುದು ಸಾಮಾನ್ಯವಾಗಿ ಹುಟ್ಟುಹಬ್ಬದ ಹಿಂದಿನ ರಾತ್ರಿ ಒಂಬತ್ತೂವರೆಗೆ. ಎ4 ಹಾಳೆ ಇದೆ, ಫೆವಿಕಾಲ್ ಇದೆ, ಸೀರೆ ಡಬ್ಬದ ರಟ್ಟಿದೆ, ಇನ್ನೇನು ಬೇಕು? ಬೇಕಾದ್ದು ಹನ್ನೆರಡು ಗಂಟೆ. ಅಂಟು ಒಣಗುವುದಕ್ಕೆ. ಅದೊಂದು ಸ್ಟೇಷನರಿ ಅಂಗಡಿಯಲ್ಲಿ ಸಿಗುವುದಿಲ್ಲ.

ಮೊದಲ ಜಗಳ ಹಾಳೆಯ ಜೊತೆ. ಮರಕ್ಕಿರುವ ಹಾಗೆ ಕಾಗದಕ್ಕೂ ಎಳೆ ಇದೆ. ಜೆರಾಕ್ಸ್ ಎ4 ಹಾಳೆಯಲ್ಲಿ ಎಳೆ ಹೆಚ್ಚಾಗಿ 297 ಮಿ.ಮೀ. ಉದ್ದಕ್ಕೆ ಓಡುತ್ತದೆ. ಅದನ್ನು ಅರ್ಧಕ್ಕೆ ಮಡಚಿದಿರೋ, ಮಡಿಕೆ ಎಳೆಗೆ ಅಡ್ಡ ಬಿತ್ತು. ಪುಸ್ತಕ ತೆರೆದರೆ ಪುಟ ಮಲಗುವುದಿಲ್ಲ, ಚಾಪೆ ಮೇಲೆ ಮಲಗಿಸಿದ ಹಟಮಾರಿ ಮಗುವಿನ ಹಾಗೆ ಎದ್ದು ಕೂರುತ್ತದೆ. ಉದ್ದ ಎಳೆಯ ಎ3 ತಂದು ಅಡ್ಡಕ್ಕೆ ಎರಡು ತುಂಡು ಮಾಡಿದರೆ ಎಳೆಯೂ ಪುಸ್ತಕದ ಬೆನ್ನೂ (ಮಡಿಕೆಯ ಅಂಚು) ಒಂದೇ ದಿಕ್ಕಿಗೆ ಬರುತ್ತವೆ. ಅನುಮಾನವಿದ್ದರೆ ಒಂದು ಚೂರು ಹಾಳೆಯ ಒಂದೇ ಬದಿಗೆ ನೀರು ಸವರಿ. ಅದು ಕೊಳವೆಯಾಗಿ ಸುತ್ತಿಕೊಳ್ಳುತ್ತದೆ. ಕೊಳವೆ ಯಾವ ದಿಕ್ಕಿಗೆ ಮಲಗಿದೆಯೋ ಎಳೆ ಆ ದಿಕ್ಕಿನದು. ಬೇಸಿಗೆ ಶಿಬಿರದಲ್ಲಿ ಇದನ್ನು ಹೇಳಿದ ಕೂಡಲೇ ಮಕ್ಕಳು ಉತ್ಸಾಹದಿಂದ ನೀರು ಸವರುತ್ತಾರೆ, ಚೂರಿಗಲ್ಲ, ಇಡೀ ಕಟ್ಟಿಗೆ.

ನಾಲ್ಕು ಹಾಳೆ ಸೇರಿಸಿ ಮಡಚಿದರೆ 16 ಪುಟದ ಒಂದು ಫಾರಂ. ಎಂಟು ಹಾಕಿದರೆ ಬೇಗ ಮುಗಿಯುತ್ತದಲ್ಲ ಎಂದು ಆಸೆಪಟ್ಟರೆ ಒಳಗಿನ ಹಾಳೆಗಳು ಅಂಚಿನಿಂದ ನಾಲಿಗೆ ಚಾಚುತ್ತವೆ.

ಒಂದೇ ಫಾರಂ ಆದರೆ ಮೂರು ತೂತಿನ ಹೊಲಿಗೆ ಸಾಕು. ದಬ್ಬಣದಿಂದ ಮಡಿಕೆಯ ನಡುವೆ ಒಂದು, ಮೇಲೆ ಕೆಳಗೆ ಒಂದೊಂದು ತೂತು. ದಾರ ಬೆನ್ನಿನ ಎರಡೂವರೆ ಪಟ್ಟು ಉದ್ದ, ಮೇಣ ಸವರಿರಬೇಕು. ಒಳಗಿನಿಂದ ನಡು ತೂತಿಗೆ ಸೂಜಿ ಹಾಕಿ ಹೊರಗೆ ಬನ್ನಿ, ಮೇಲಿನ ತೂತಿನಿಂದ ಒಳಗೆ, ನಡುವನ್ನು ಬಿಟ್ಟು ಕೆಳಗಿನ ತೂತಿನಿಂದ ಹೊರಗೆ, ಮತ್ತೆ ನಡು ತೂತಿನಿಂದ ಒಳಗೆ. ಒಳಗೆ ಈಗ ಎರಡು ತುದಿಗಳಿವೆ, ನಡುವೆ ಒಂದು ಉದ್ದ ದಾರ ಹಾದಿದೆ. ತುದಿಗಳು ಆ ದಾರದ ಆಚೆ ಒಂದು, ಈಚೆ ಒಂದು ಇರಬೇಕು, ಆಮೇಲೆ ಗಂಟು. ಹತ್ತರಲ್ಲಿ ಏಳು ಜನ ಎರಡೂ ತುದಿಯನ್ನು ಒಂದೇ ಕಡೆ ತಂದು ಬಿಗಿ ಗಂಟು ಹಾಕುತ್ತಾರೆ (ಲೆಕ್ಕ ಅಂದಾಜಿನದು, ಸಂಕಟ ನಿಜದ್ದು). ಉದ್ದ ದಾರ ಸಡಿಲವಾಗಿ ಬಟ್ಟೆ ಒಣಗಿಸುವ ಹಗ್ಗದಂತೆ ತೂಗುತ್ತದೆ. ಬಿಗಿ ಮಾಡುವಾಗ ದಾರವನ್ನು ಬೆನ್ನಿನುದ್ದಕ್ಕೇ ಎಳೆಯಿರಿ. ಪುಟದಿಂದ ಮೇಲಕ್ಕೆ ಎತ್ತಿ ಎಳೆದರೆ ‘ಚರ್’ ಎಂದು ಸದ್ದಾಗುತ್ತದೆ. ಆ ಸದ್ದಿಗೆ ರಿಪೇರಿ ಇಲ್ಲ.

ಎಂಟು ವರ್ಷದೊಳಗಿನವರಿಗೆ ಸೂಜಿ ಕೊಡುವ ಸಾಹಸ ಬೇಡ. ನಮ್ಮ ಕಡತದ ಹಾಗೆ ಹಿಂದೆ ಮುಂದೆ ಮಡಚುವ ಪುಸ್ತಕ ಮಾಡಿಸಿ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಆ ಕಡತಕ್ಕೆ ಹೊಲಿಗೆಯ ಹಂಗೇ ಇರಲಿಲ್ಲ. ಆದರೆ ಕಾಗದದ ಪಟ್ಟಿಯನ್ನು ಒಂದು ತುದಿಯಿಂದ ಮಡಚುತ್ತಾ ಹೋಗಬೇಡಿ. ಒಂದೊಂದು ಮಡಿಕೆಗೆ ಅರ್ಧ ಮಿ.ಮೀ. ತಪ್ಪಿದರೂ ಎಂಟನೆಯದಕ್ಕೆ 4 ಮಿ.ಮೀ. ಸೊಟ್ಟ. ಅರ್ಧಕ್ಕೆ, ಆ ಅರ್ಧವನ್ನು ಮತ್ತೆ ಅರ್ಧಕ್ಕೆ, ಹೀಗೆ ಮಡಚಿದರೆ ತಪ್ಪು ಬೆಳೆಯುವುದಿಲ್ಲ.

ಇನ್ನು ಅಂಟು. 50 ಗ್ರಾಂ ಮೈದಾ, 300 ಮಿ.ಲೀ. ನೀರು. ತಣ್ಣೀರಲ್ಲೇ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುಗಿಸಿ, ಬಿಳುಪು ಹೋಗಿ ಮಿರುಗುವ ಹೊತ್ತಿಗೆ ಇಳಿಸಿ. ಒಂದು ಗಂಟು ಉಳಿದರೂ ಮುಖಪುಟದ ಕೆಳಗೆ ಸೊಳ್ಳೆ ಕಚ್ಚಿದ ಬಾವಿನಂತೆ ಕಾಣುತ್ತದೆ. ಬೈಂಡರುಗಳು ಹುಳ ಬರದಿರಲಿ ಎಂದು ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮಕ್ಕಳ ತರಗತಿಗೆ ಬೇಡವೇ ಬೇಡ. ಉಳಿದ ಅಂಟನ್ನು ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ಬರುತ್ತದೆ, ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ‘ಅಂಟು’ ಎಂದು ಬರೆದಿದ್ದರೆ. ಬರೆಯದಿದ್ದರೆ ಬೆಳಿಗ್ಗೆ ಯಾರೋ ಅದಕ್ಕೆ ಉಪ್ಪು, ಮಜ್ಜಿಗೆ ಹಾಕಿರುತ್ತಾರೆ.

ರಟ್ಟು 2 ಮಿ.ಮೀ. ದಪ್ಪ ಇರಲಿ, ಮೇಲೆ, ಕೆಳಗೆ, ಮುಂದೆ ಪುಟಕ್ಕಿಂತ 3 ಮಿ.ಮೀ. ಹೊರಗೆ ಬರಲಿ. ಹೊದಿಕೆ ಕಾಗದದ ಮೂಲೆ ಕತ್ತರಿಸುವಾಗ ರಟ್ಟಿನ ತುದಿಗೆ 3 ಮಿ.ಮೀ. ಬಿಟ್ಟೇ ಕತ್ತರಿ ಹಾಕಿ, ಇಲ್ಲವಾದರೆ ಹರಿದ ಕಾಲುಚೀಲದಿಂದ ಹೆಬ್ಬೆರಳು ಇಣುಕಿದ ಹಾಗೆ ಮೂಲೆ ಇಣುಕುತ್ತದೆ. ಅಂಟು ಕುಡಿದ ಕಾಗದ ಹಿಗ್ಗುತ್ತದೆ, ಒಣಗುತ್ತ ಕುಗ್ಗಿ ರಟ್ಟನ್ನು ತನ್ನ ಕಡೆ ಬಾಗಿಸುತ್ತದೆ. ಇಲ್ಲಿ ಗಾಬರಿ ಬೀಳುವವರೇ ಎಲ್ಲರೂ. ಬೀಳಬೇಡಿ, ಒಳಬದಿಗೆ ಅಂಟಿಸುವ ಹಾಳೆ (ಒಳಹಾಳೆ, ಪುಟಗಳನ್ನು ರಟ್ಟಿಗೆ ಹಿಡಿದಿಡುವುದು ಇದೇ) ಅದನ್ನು ವಾಪಸ್ಸು ಎಳೆಯುತ್ತದೆ, ಎರಡರ ಎಳೆಯೂ ಒಂದೇ ದಿಕ್ಕಿಗಿದ್ದರೆ. ಬೇಗ ಒಣಗಲಿ ಎಂದು ಬಿಸಿಲಿಗಿಟ್ಟಿರೋ, ಹಪ್ಪಳ. ಕರಿಯುವುದೊಂದು ಬಾಕಿ.

ಒಳಹಾಳೆಗೆ ಅಂಟು ಬಳಿಯುವಾಗ ಅದರ ಕೆಳಗೆ ಒಂದು ರದ್ದಿ ಹಾಳೆ ಇಡಬೇಕು, ರಟ್ಟು ಮುಚ್ಚುವ ಮೊದಲು ಅದನ್ನು ತೆಗೆಯಬೇಕು. ಇಡುವುದು ಎಲ್ಲರಿಗೂ ನೆನಪಿರುತ್ತದೆ. ರದ್ದಿ ನ್ಯೂಸ್‌ಪೇಪರ್ ಆಗಿದ್ದು, ತೆಗೆಯಲು ಮರೆತರೆ ಉಡುಗೊರೆಯ ಮೊದಲ ಪುಟದಲ್ಲೇ ಶ್ರದ್ಧಾಂಜಲಿ ಜಾಹೀರಾತು ಕಾಯಂ. ಆಮೇಲೆ ರುಬ್ಬುಗುಂಡೋ, ಡಿಕ್ಷನರಿಗಳೋ, ಏನಾದರೂ ಭಾರ ಹೇರಿ ಬೆಳಗಿನ ತನಕ ಬಿಡಬೇಕು. ‘ಅಂಟಿದೆಯಾ ನೋಡೋಣ’ ಎಂದು ನಡುರಾತ್ರಿ ತೆರೆದರೆ ಒದ್ದೆ ಹಾಳೆ ಬೆನ್ನಿನ ಹತ್ತಿರ ಸುಕ್ಕುಗಟ್ಟುತ್ತದೆ, ಇಸ್ತ್ರಿ ಪೆಟ್ಟಿಗೆಗೂ ಅದು ಹೋಗುವುದಿಲ್ಲ.

ಬೆಳಿಗ್ಗೆ ತೆರೆದಾಗ ರಟ್ಟಿನ ಮೇಲಿನ ಹೆಸರು ನೇರವಾಗಿದ್ದು ಒಳಗಿನ ಪುಟಗಳು ತಲೆಕೆಳಗಾಗಿರುವುದು ತೀರಾ ಅಪರೂಪವೇನಲ್ಲ. ಅದಕ್ಕೇ ಉಡುಗೊರೆಗೆ ಗೆರೆ ಇಲ್ಲದ ಹಾಳೆ ಹಾಕುವುದು. ಕೇಳಿದವರಿಗೆ ಚಿತ್ರ ಬರೆಯಲಿಕ್ಕೆ ಅಂತ ಹೇಳಬಹುದು.