ವಿಕಲಚೇತನರಿಗೆ ಪಿಜಿ ಸೀಟಿಲ್ಲ ಅನ್ನೋ ಮೆಸೇಜ್ ತಪ್ಪು

ಮೈಸೂರು, ಮಂಡ್ಯದ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ‘ವಿಕಲಚೇತನರಿಗೆ ಇರುವುದು ಕೆಲಸದಲ್ಲಿ ಶೇ 4 ಮೀಸಲಾತಿ ಮಾತ್ರ, ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಕೋರ್ಸು), ಎಂ.ಎ. ಸೀಟಿಗೆ ಏನೂ ಇಲ್ಲ.’ ಇದು ತಪ್ಪು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 32ನೇ ಸೆಕ್ಷನ್ ತೆಗೆದು ನೋಡಿ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಕನಿಷ್ಠ ಶೇ 5 ಸೀಟು ಮೀಸಲಿಡಲೇಬೇಕು, ಪ್ರವೇಶದ ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆಯನ್ನೂ ಕೊಡಬೇಕು, ಹಾಗಾಗಿ ಮೈಸೂರು ವಿಶ್ವವಿದ್ಯಾನಿಲಯದ ಕ್ಯಾಂಪಸ್ ಆದ ಮಾನಸಗಂಗೋತ್ರಿಯ ಪಿಜಿ ಕೋರ್ಸುಗಳಿಗೂ ಇದು ಅನ್ವಯಿಸುತ್ತದೆ. ಶೇ 4 ಅನ್ನೋದು 34ನೇ ಸೆಕ್ಷನ್, ಅದು ಸರ್ಕಾರಿ ಕೆಲಸದ ಲೆಕ್ಕ. ಎರಡನ್ನೂ ಸುಮ್ನೆ ಕಲಸಿಬಿಟ್ಟಿದ್ದಾರೆ. ಎಲ್ಲರನ್ನೂ ಒಳಗೊಳ್ಳುವುದು ಹೇಗೆ ಅಂತ ಕಲಿಸುವ ಎಂಎಸ್‌ಡಬ್ಲ್ಯು ಕೋರ್ಸಿಗೇ ವಿಕಲಚೇತನರು ಅರ್ಜಿ ಹಾಕದೆ ಉಳಿದರೆ ಅನ್ಯಾಯ ಅಲ್ವಾ? ವೈಕಲ್ಯ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸರ್ಟಿಫಿಕೇಟ್ ಇಟ್ಟು ಅರ್ಜಿ ಹಾಕಿ. ಆ ಮೆಸೇಜನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.